ದೋಣಿಗಿಂತ ಮೊದಲು ಆಸನ

ಬೆನ್ನುಹುರಿಗೆ ಪೆಟ್ಟಾದವರಿಗೆ, ಕೈಕಾಲು ಕಳೆದುಕೊಂಡವರಿಗೆ ನೀರಾಟದ ಸಲಕರಣೆ ಒದಗಿಸುವುದೆಂದರೆ, ಇದ್ದ ದೋಣಿಯನ್ನೇ ಹೇಗೋ ಹೊಂದಿಸಿಕೊಡುವುದು ಎಂದೇ ಬಹುಕಾಲ ಅರ್ಥವಾಗಿತ್ತು. ದಿಂಬು, ಸ್ಪಂಜು, ಪ್ಲೈವುಡ್ ತುಂಡು, ಪಟ್ಟಿ ಹೀಗೆ ಕೈಗೆ ಸಿಕ್ಕಿದ್ದನ್ನು ತುಂಬಿ ಕೂರಿಸಿದರೆ ಕೆಲಸ ಮುಗಿಯಿತು. ಆದರೆ ಸಣ್ಣ ಹಾಯಿದೋಣಿಯ ಲೆಕ್ಕವೇ ಬೇರೆ. ಗಾಳಿ ಜೋರಾದಾಗ ನಾವಿಕ ಎದುರಂಚಿಗೆ ಜರುಗಿ, ಮೈಯನ್ನು ಹೊರಕ್ಕೆ ಚಾಚಿ ದೋಣಿಯನ್ನು ಸರಿದೂಗಿಸಬೇಕು. ಸೊಂಟದ ಕೆಳಗೆ ಸ್ವಾಧೀನವಿಲ್ಲದವರಿಗೆ ಅದು ಆಗದ ಮಾತು.

ಮೊದಲ ದಾರಿ ತೋರಿಸಿದ್ದು ಅಂಗವಿಕಲರಿಗೆಂದು ಮಾಡಿದ ದೋಣಿಯಲ್ಲ ಎಂಬುದು ಸ್ವಾರಸ್ಯ. 2.4ಎಂಆರ್ ಎಂಬ ಒಬ್ಬರ ಹಾಯಿದೋಣಿಯ ಉದ್ದ ಸುಮಾರು 4.2 ಮೀಟರ್, ಅದರ ಭಾರದ ದೊಡ್ಡ ಪಾಲು ಕೆಳಗಿನ ಸೀಸದಲ್ಲಿದೆ. ನಾವಿಕ ನಡುವೆ, ತಗ್ಗಿನಲ್ಲಿ, ಮುಂದಕ್ಕೆ ಮುಖಮಾಡಿ ಕೂರುತ್ತಾನೆ; ಹಗ್ಗಗಳೆಲ್ಲ ಕೈಗೆಟುಕುವಂತೆ ಎದುರಿಗೇ ಬರುತ್ತವೆ. ಜರುಗುವ ಪ್ರಮೇಯವೇ ಇಲ್ಲ. ಅಂಗವಿಕಲರೂ ಉಳಿದವರೂ ಒಂದೇ ಪಂದ್ಯದಲ್ಲಿ ಸೆಣಸುವುದು ಇದರಿಂದ ಸಾಧ್ಯವಾಯಿತು.

ಕೆನಡಾದ ವ್ಯಾಂಕೂವರ್‌ನಲ್ಲಿ ಸ್ಯಾಮ್ ಸಲಿವನ್ ಅಂಗವಿಕಲರ ಹಾಯಿದೋಣಿ ಸಂಘ ಕಟ್ಟಿದ್ದು 1989ರಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿಮಜಾರಾಟದ ಅಪಘಾತದಲ್ಲಿ ಕೈಕಾಲುಗಳ ಶಕ್ತಿ ಕಳೆದುಕೊಂಡಿದ್ದ ಅವರು ಮುಂದೆ ಆ ಊರಿನ ಮೇಯರ್ ಕೂಡ ಆದರು. 1990ರ ದಶಕದಲ್ಲಿ ಡಾನ್ ಮಾರ್ಟಿನ್ ರೂಪಿಸಿದ ಮಾರ್ಟಿನ್ 16 ದೋಣಿಯಲ್ಲಿ ಚುಕ್ಕಾಣಿಯನ್ನು ಜಾಯ್‌ಸ್ಟಿಕ್‌ನಿಂದ ತಿರುಗಿಸಬಹುದು. ಹಿಂದಿನ ಆಸನ ಜೊತೆಗಾರರಿಗೆ. ಕೈಯೂ ಆಡದವರಿಗೆ ಕೊಳವೆ ಬಂತು: ಬಾಯಲ್ಲಿ ಕಚ್ಚಿ ಹೀರಿದರೆ ಒಂದು ಕಡೆ, ಊದಿದರೆ ಇನ್ನೊಂದು ಕಡೆ. ಹೀಗೆ ಉಸಿರಿನ ಬಲದಲ್ಲೇ ದೋಣಿ ನಡೆಸುತ್ತಿದ್ದ ಹಿಲರಿ ಲಿಸ್ಟರ್ 2005ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಒಬ್ಬರೇ ದಾಟಿದರು, 2009ರಲ್ಲಿ ಬ್ರಿಟನ್ ಸುತ್ತಿ ಬಂದರು.

ಹುಟ್ಟುದೋಣಿಯಲ್ಲಿ ಇಷ್ಟು ಸೀಸ ಹೇರುವಂತಿಲ್ಲ, ಅಲ್ಲಿ ವೇಗವೇ ಎಲ್ಲ. 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಿಂದ ಸ್ಪರ್ಧೆಯಾದ ಪ್ಯಾರಾ ರೋಯಿಂಗ್‌ನಲ್ಲಿ, ತೋಳು ಮತ್ತು ಭುಜಗಳಷ್ಟೇ ಆಡುವವರಿಗೆ ಜಾರದ ಸ್ಥಿರ ಆಸನ, ಎದೆಗೆ ಪಟ್ಟಿ, ದೋಣಿಯ ಎರಡೂ ಪಕ್ಕ ಪುಟ್ಟ ತೇಲುಗಳು. ಪಟ್ಟಿಯ ವಿಷಯದಲ್ಲಿ ಮಾತ್ರ ನಿಯಮ ಕಟ್ಟುನಿಟ್ಟು: ಒಂದೇ ಕೈಯ ಒಂದೇ ಸೆಳೆತಕ್ಕೆ ಅದು ಬಿಚ್ಚಿಕೊಳ್ಳಬೇಕು. ಬಿಗಿಯಾಗಿ ಕಟ್ಟುವುದು ಯಾರಿಗಾದರೂ ಬರುತ್ತದೆ. ದೋಣಿ ಮಗುಚಿದಾಗ ನೀರಿನೊಳಗೆ, ಬೆರಳಿನ ಹಿಡಿತ ದುರ್ಬಲವಾದವರೂ ಬಿಡಿಸಿಕೊಳ್ಳುವಂತೆ ಮಾಡುವುದರಲ್ಲೇ ವಿನ್ಯಾಸಕಾರನ ಜಾಣತನವೆಲ್ಲ ಖರ್ಚಾಗುತ್ತದೆ.

ಆಸನದ್ದು ಇನ್ನೂ ಸೂಕ್ಷ್ಮ. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಒತ್ತಿದ್ದು ಗೊತ್ತಾಗುವುದಿಲ್ಲ. ಒಂದು ಮೊಳೆಯ ತಲೆಯೋ ಮಡಿಚಿದ ಬಟ್ಟೆಯ ಅಂಚೋ ಸಾಕು, ಒದ್ದೆ ಮೈಗೆ ತಿಂಗಳುಗಟ್ಟಲೆ ಮಾಯದ ಹುಣ್ಣಾದೀತು. ಹಾಗಾಗಿ ಫೋಮನ್ನು ಒಬ್ಬೊಬ್ಬರ ಮೈಕಟ್ಟಿಗೆ ಕೆತ್ತಿ, ಮೂಳೆ ಊರುವ ಕಡೆ ಹೊಂಡ ಬಿಟ್ಟು, ಬೆನ್ನೊರಗನ್ನು ಎಷ್ಟು ಎತ್ತರಿಸಬೇಕೆಂದು ಮತ್ತೆ ಮತ್ತೆ ಕೂರಿಸಿ ನೋಡುತ್ತಾರೆ. ಎತ್ತರ ಹೆಚ್ಚಾದರೆ ತೋಳು ಹಿಂದಕ್ಕೆ ಬರುವುದಿಲ್ಲ, ಕಡಿಮೆಯಾದರೆ ಮುಂಡ ಕುಸಿಯುತ್ತದೆ. ಲೈಫ್ ಜಾಕೆಟ್ಟೂ ಹಾಗೆಯೇ: ಕಾಲಿಲ್ಲದವರು, ಕಾಲು ಸೊರಗಿದವರು ಎಲ್ಲರಂತೆ ತೇಲುವುದಿಲ್ಲ. ಅದನ್ನು ಮೊದಲು ಕೊಳದಲ್ಲಿ ತೊಡಿಸಿಯೇ ಪರೀಕ್ಷಿಸಬೇಕು.

2016ರ ರಿಯೋದಲ್ಲಿ ಪ್ಯಾರಾಲಿಂಪಿಕ್ಸ್‌ಗೆ ಪ್ಯಾರಾ ಕನೋಯಿಂಗ್ ಕೂಡ ಸೇರಿತು. ಪೆಸಿಫಿಕ್ ದ್ವೀಪಗಳ 'ವಾ' ದೋಣಿ ಟೋಕಿಯೊದಲ್ಲಿ ಸೇರಿಕೊಂಡಿತು. ಅದಕ್ಕೆ ಒಂದು ಪಕ್ಕ ತೇಲುಮರ ಕಟ್ಟಿರುತ್ತದೆ, ಚುಕ್ಕಾಣಿ ಇರುವುದಿಲ್ಲ. ಕಾರವಾರದ ಕಡೆಯ ಮೀನುಗಾರರ ಕೆಲವು ನಾಡದೋಣಿಗಳಲ್ಲೂ ಇಂಥದೇ ತೇಲುಮರವುಂಟು. ಭೋಪಾಲದ ಕೆರೆಯಲ್ಲಿ ಪಳಗಿದ ಪ್ರಾಚಿ ಯಾದವ್ 'ವಾ' ದೋಣಿಯಲ್ಲೇ ಟೋಕಿಯೊದ 200 ಮೀಟರ್ ಫೈನಲ್ ತಲುಪಿ ಎಂಟನೆಯವರಾದರು. ಪ್ಯಾರಾಲಿಂಪಿಕ್ಸ್‌ನ ಈ ಆಟಕ್ಕೆ ಇಳಿದ ಮೊದಲ ಭಾರತೀಯರು ಅವರೇ.

ಅದೇ ಟೋಕಿಯೊದಿಂದ ಹಾಯಿದೋಣಿ ಸ್ಪರ್ಧೆಯನ್ನು ಕೈಬಿಡಲಾಯಿತು. 2000ದ ಸಿಡ್ನಿಯಿಂದ ಪದಕದ ಆಟವಾಗಿದ್ದ ಅದು ಮತ್ತೆ ಮರಳಿಲ್ಲ. ದೋಣಿಗಳು ಮಾತ್ರ ಕ್ಲಬ್ಬುಗಳಲ್ಲಿ ಓಡುತ್ತಲೇ ಇವೆ.

ಇಷ್ಟೆಲ್ಲ ಆದರೂ ಗಾಲಿಕುರ್ಚಿಯಿಂದ ದೋಣಿಗೆ ದಾಟುವ ಆ ಎರಡು ಅಡಿ ಈಗಲೂ ಹೆಚ್ಚಿನ ಕಡೆ ನಾಲ್ಕು ಜನರ ತೋಳಿನ ಮೇಲೆಯೇ ನಿಂತಿದೆ. ನೀರಿನೊಂದಿಗೆ ಏರಿಳಿಯುವ ತೇಲುಕಟ್ಟೆ, ಇಳಿಜಾರು, ಕೈಯಿಂದ ತಿರುಗಿಸುವ ಪುಟ್ಟ ಕ್ರೇನ್ ಇವಕ್ಕೆಲ್ಲ ದೋಣಿಯಷ್ಟೇ ಹಣ ಬೇಕು. ದೋಣಿ ಕೊಂಡವರು ಕಟ್ಟೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತಾರೆ.