ಖುಲ್ನಾದ ಹೊಳೆಯಲ್ಲಿ ಚಿಮನ್ ಸಿಂಗ್

ಬಸವಸಾಗರದ ಗೇಟು ಎತ್ತಿ ಕೃಷ್ಣೆಗೆ ನೀರು ಬಿಟ್ಟ ದಿನ ನಾರಾಯಣಪುರದ ಛಾಯಾ ಭಗವತಿ ಕಡೆ ಹೋಗಿ ನಿಂತವರಿಗೆ ಹೊಳೆಯ ಸಿಟ್ಟು ಗೊತ್ತು. ಎಂಥ ಈಜುಗಾರನೂ ಅತ್ತ ಕಾಲು ಹಾಕುವುದಿಲ್ಲ. ಇನ್ನು ಮೈಯಲ್ಲಿ ಬಾಂಬಿನ ಚೂರು ಹೊಕ್ಕಿದ್ದು, ದಡದಿಂದ ಗುಂಡು ಹಾರುತ್ತಿದ್ದರೆ?

1971ರ ಭಾರತ–ಪಾಕ್ ಯುದ್ಧ, ಡಿಸೆಂಬರ್ 10. ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ ಖುಲ್ನಾ. ಬೆಳಿಗ್ಗೆ ಮೊಂಗ್ಲಾ ಬಂದರು ಕೈಗೆ ಬಂದಿತ್ತು. ಕಮಾಂಡರ್ ಎಂ.ಎನ್.ಆರ್. ಸಾಮಂತ್ ಅವರ ಪುಟ್ಟ ದಂಡು ಹೊಳೆಗುಂಟ ಮೇಲಕ್ಕೆ ನುಗ್ಗಿತು: ನಮ್ಮ ನೌಕಾಪಡೆಯ ಪನ್ವೇಲ್, ಜೊತೆಗೆ ಬಾಂಗ್ಲಾ ವಿಮೋಚನೆಗೆ ಹೋರಾಡುತ್ತಿದ್ದ ಮುಕ್ತಿ ವಾಹಿನಿಯ ಪದ್ಮಾ, ಪಲಾಶ್. ಇವೆರಡೂ ಹುಟ್ಟಾ ಯುದ್ಧನೌಕೆಗಳಲ್ಲ. ಕಲ್ಕತ್ತಾ ಬಂದರಿನ ದೋಣಿಗಳಿಗೆ ಬೋಫೋರ್ಸ್ ತೋಪು ಕೂರಿಸಿ ಗನ್‌ಬೋಟ್ ಮಾಡಿದ್ದು. ನಮ್ಮ ವಿಮಾನಗಳಿಗೆ ಗುರುತು ಸಿಗಲೆಂದು ಮೇಲ್ಭಾಗಕ್ಕೆ ಹಳದಿ ಬಣ್ಣ.

ಮಧ್ಯಾಹ್ನದ ಹೊತ್ತಿಗೆ ಆಕಾಶದಲ್ಲಿ ವಿಮಾನಗಳು. ನಮ್ಮವೇ! ನಾವಿಕರ ಜೀವ ಹಗುರಾಯಿತು. ಮರುಕ್ಷಣ ಅವು ಮೂತಿ ಕೆಳಗೆ ಮಾಡಿ ಎರಗಿದವು. ಹಳದಿ ಬಣ್ಣ ಯಾರ ಕಣ್ಣಿಗೂ ಬೀಳಲಿಲ್ಲ. ಪದ್ಮಾ ಹೊತ್ತಿತು, ಪಲಾಶ್ ಹೊತ್ತಿತು. ಯುದ್ಧದಲ್ಲಿ ಇಂಥ ತಪ್ಪಿಗಿಂತ ಕ್ರೂರವಾದದ್ದು ಇನ್ನೊಂದಿಲ್ಲ. ಶಪಿಸಲು ಶತ್ರುವೂ ಇರುವುದಿಲ್ಲ.

ಲೀಡಿಂಗ್ ಸೀಮನ್ ಚಿಮನ್ ಸಿಂಗ್ ಯಾದವ್ ಚಿಮ್ಮಿ ನೀರಿಗೆ ಬಿದ್ದರು. ಹರಿಯಾಣದವರು, ಸಮುದ್ರ ಕಾಣದ ಸೀಮೆಯ ಮಗ. ಮೈತುಂಬ ಗಾಯ. ದಡದ ಮೋರ್ಚಾಗಳಿಂದ ನೀರಲ್ಲಿದ್ದವರ ಮೇಲೆಯೇ ಗುಂಡಿನ ಮಳೆ. ತಲೆ ಎತ್ತಿದರೆ ಸಾವು, ಮುಳುಗಿದರೂ ಸಾವು. ಅಷ್ಟರಲ್ಲಿ ಕಂಡದ್ದು ಇಬ್ಬರು: ತೀವ್ರ ಗಾಯಗೊಂಡು ತೇಲಲಾರದೆ ಒದ್ದಾಡುತ್ತಿದ್ದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಇನ್ನೊಬ್ಬ ನಾವಿಕ. ಚಿಮನ್ ಸಿಂಗ್ ಅತ್ತ ಈಜಿದರು. ಅವರಿಬ್ಬರಿಗೂ ಆಸರೆಯಾಗಿ, ಗುಂಡು ಸಿಡಿಯುತ್ತಿದ್ದ ನೀರನ್ನು ಸೀಳಿಕೊಂಡು ದಡ ಮುಟ್ಟಿಸಿದರು.

ಇಷ್ಟಕ್ಕೇ ಪದಕ ಕೊಟ್ಟಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ನನ್ನ ಮಟ್ಟಿಗೆ ದೊಡ್ಡದು ಇದರ ನಂತರದ್ದು. ದಡದಲ್ಲಿ ಶತ್ರು ಕಾದಿದ್ದ. ಮೂವರೂ ಓಡಿದರೆ ಮೂವರೂ ಸಿಕ್ಕಿಬೀಳುತ್ತಾರೆ. ಚಿಮನ್ ಸಿಂಗ್ ರಕ್ತ ಸುರಿಯುವ ಮೈಯಲ್ಲೇ ಎದ್ದರು, ಓಡಿದರು, ಶತ್ರುವಿನ ಕಡೆಗೇ! ಬಂದೂಕುಗಳೆಲ್ಲ ತಮ್ಮತ್ತ ತಿರುಗಲಿ, ಅಷ್ಟರಲ್ಲಿ ಆ ಇಬ್ಬರು ಪಾರಾಗಲಿ ಎಂದು. ಕೊನೆಗೆ ಶತ್ರುಗಳು ಚಿಮನ್ ಸಿಂಗರನ್ನು ಕೆಡವಿ ಸೆರೆಹಿಡಿದರು.

ಅದೇ ಹೊಳೆಯಲ್ಲಿ ಪಲಾಶ್‌ನ ಎಂಜಿನ್ ರೂಮಿನಲ್ಲಿದ್ದವರು ಮೊಹಮ್ಮದ್ ರೂಹುಲ್ ಅಮೀನ್. ಹಡಗು ಬಿಡಿ ಎಂಬ ಆದೇಶ ಬಂದರೂ ಬಿಡಲಿಲ್ಲ. ಕೊನೆಗೆ ದಡ ಸೇರಿದ ಅವರನ್ನು ರಜಾಕಾರರು ಕೊಂದರು. ಅಲ್ಲಿಯವರು ನಮ್ಮ ಕಡೆಯ ನಿಜಾಮನ ರಜಾಕಾರರಲ್ಲ, ಪಾಕ್ ಸೇನೆಯ ಕೈಯಾಳುಗಳು. ಆದರೂ ನಿಜಾಮನ ಕಾಲ ಕಂಡ ಶಹಾಪುರ, ಸುರಪುರದ ಹಿರಿಯರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಬಾಂಗ್ಲಾದೇಶ ಅಮೀನರಿಗೆ ತನ್ನ ಅತ್ಯುನ್ನತ ಗೌರವ ‘ಬೀರ್ ಶ್ರೇಷ್ಠ’ ನೀಡಿತು.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಚಿಮನ್ ಸಿಂಗ್ ಬಿಡುಗಡೆಯಾಗಿ ಭಾರತದ ಆಸ್ಪತ್ರೆ ಸೇರಿದರು. ದೇಶ ಅವರಿಗೆ ಕೊಟ್ಟದ್ದು ಬೆಳ್ಳಿಯ ಐದು ಮೊನೆಯ ನಕ್ಷತ್ರ, ಅರ್ಧ ಬಿಳಿ ಅರ್ಧ ಕೇಸರಿಯ ಪಟ್ಟಿ: ಮಹಾವೀರ ಚಕ್ರ. 1971ರಲ್ಲಿ ನೌಕಾಪಡೆಯ ಹಲವು ಅಧಿಕಾರಿಗಳಿಗೆ ಅದು ಸಂದಿತು. ನಾವಿಕರ ಸಾಲಿನಿಂದ ಪಡೆದವರು ಚಿಮನ್ ಸಿಂಗ್ ಒಬ್ಬರೇ.