ಮುದ್ದೆಯ ಲೆಕ್ಕ, ತಾಲೀಮಿನ ಲೆಕ್ಕ

ಹುಡುಗರು ಜಿಮ್ ಸೇರಿದರೆ ತೋಳು ದಪ್ಪವಾಗುವ ಮೊದಲೇ ಅಡುಗೆಮನೆಯಲ್ಲಿ ಮುನಿಸು ಶುರುವಾಗುತ್ತದೆ. ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲೂ ಹಾಗೇ ಆಯಿತು. ಇಪ್ಪತ್ತು ವರ್ಷದ ಮೊಮ್ಮಗ ಜಿಮ್ ಸೇರಿ ವಾರದೊಳಗೆ ಒಂದು ಊಟದ ಚೀಟಿ ತಂದ. ಓಟ್ಸ್, ಬ್ರೊಕೋಲಿ, ಡಬ್ಬಿಯ ಪ್ರೊಟೀನ್ ಪುಡಿ ಎಲ್ಲ ಅದರಲ್ಲಿದ್ದವು. ಮುದ್ದೆ, ಹುರುಳಿಕಾಳಿನ ಸಾರು ಇರಲಿಲ್ಲ. ಒಂದು ತಿಂಗಳು ಅವನು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಸೊಸೆ ಏನೂ ಅನ್ನದೆ ಎರಡು ಅಡುಗೆ ಮಾಡಿದಳು. ಪುಡಿ ಡಬ್ಬಿಯ ದುಡ್ಡಿನಲ್ಲಿ ತಿಂಗಳ ಹಾಲಿನ ಬಾಬ್ತು ತೀರುತ್ತಿತ್ತು.

ಬೈದರೆ ಹುಡುಗ ಇನ್ನೂ ದೂರವಾಗುತ್ತಾನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಲೆಕ್ಕವನ್ನೇ ಅವನ ಮುಂದಿಟ್ಟೆ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಹುಡುಗನ ತೂಕ 60 ಕಿಲೋ. ಅಂದರೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕು. ಈಗ ಜಮಾ ನೋಡಿ: 200 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 14 ಗ್ರಾಂ, 50 ಗ್ರಾಂ ಹುರುಳಿಕಾಳಿನಲ್ಲಿ 11, ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ನೂರು ಗ್ರಾಂ ಅಕ್ಕಿಯಲ್ಲಿ 7. ಒಟ್ಟು 67. ಇನ್ನೊಂದು ಬಟ್ಟಲು ಕಾಳು ಸೇರಿದರೆ ಎಪ್ಪತ್ತು ದಾಟುತ್ತದೆ. ಜೊತೆಗೆ ರಾಗಿಯ ಸುಣ್ಣದಂಶ ಮೂಳೆಗೆ ಬಡ್ಡಿಯಂತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲೆಂದು ಪ್ರೊಟೀನ್ ಪುಡಿ ತಿನ್ನಬೇಡಿ ಎಂದಿದೆ.

ಆ ಹಾಳೆ ಹಿಡಿದು ಮೊಮ್ಮಗನ ಜೊತೆ ಜಿಮ್ಮಿಗೇ ಹೋದೆ. ತರಬೇತುದಾರ ಮೂವತ್ತರ ಹುಡುಗ, ಮರ್ಯಾದಸ್ಥ.

"ಆ ಚೀಟಿ ಎಲ್ಲರಿಗೂ ಒಂದೇ ತಾತ. ಮನೇಲಿ ಏನು ಮಾಡ್ತಾರೆ ಅಂತ ಯಾರೂ ಹೇಳಲ್ಲ" ಅಂದ.

"ನೀನು ಕೇಳಿದ್ಯೇನಪ್ಪ?" ಅಂದೆ.

ನಕ್ಕ. ಪೆನ್ನು ತೆಗೆದ.

ಹಳೆಯದಕ್ಕೂ ಹೊಸದಕ್ಕೂ ಜಗಳ ಇರಬೇಕಿಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದವರು. 1930ರಲ್ಲೇ ದೇಹದಾರ್ಢ್ಯದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಅವರು ಭಾರ ಎತ್ತುವುದರ ಜೊತೆಗೇ ಸೂರ್ಯನಮಸ್ಕಾರ, ಆಸನಗಳನ್ನೂ ಕಲಿಸಿದರು.

ಕಲಿಸುವವರು ಮೊದಲು ಕೇಳಬೇಕಾದ್ದು ಇಷ್ಟು: ವಯಸ್ಸೆಷ್ಟು? ಬಿಪಿ, ಸಕ್ಕರೆ, ಮಂಡಿನೋವು ಇದೆಯೇ? ಯಾವ ಮಾತ್ರೆ? ಮನೆಯಲ್ಲಿ ಏನು ಊಟ? ಕಲಿಯುವವರೂ ಮುಚ್ಚಿಡಬಾರದು. ಮೈ ಬಿಸಿಯಾದ ಮೇಲೆ ಭಾರ ಮುಟ್ಟಬೇಕು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ದಣಿದ ಸ್ನಾಯು ಕೂಡಿಕೊಳ್ಳುವುದು ವಿಶ್ರಾಂತಿಯಲ್ಲಿ. ನಿದ್ದೆ ಕಳೆದರೆ ದುಡಿದದ್ದು ದಂಡ. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಲೇಬಾರದು.

ಹೊಸ ಚೀಟಿ ಬಂತು. ಅದರಲ್ಲಿ ಮುದ್ದೆ ಎರಡು, ಕಾಳು ಎರಡು ಬಟ್ಟಲು. ಓಟ್ಸ್ ಪೂರಾ ಹೋಗಲಿಲ್ಲ, ಭಾನುವಾರಕ್ಕೆ ಉಳಿಯಿತು. ಸೊಸೆಗೆ ಒಂದೇ ಅಡುಗೆ.

ಹೊರಡುವಾಗ ಆ ಹುಡುಗ ನನ್ನನ್ನೂ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯುವಿಗೆ ಕೆಲಸ ಅನ್ನುತ್ತದೆ. 65 ದಾಟಿದವರಿಗೆ ಬೀಳದಂತೆ ಸಮತೋಲನದ ಅಭ್ಯಾಸ ಮೂರು ದಿನ. ಬಿಪಿ, ಮಂಡಿ ಎಲ್ಲ ವಿಚಾರಿಸಿಕೊಂಡು ನನಗೆ ಕೊಟ್ಟ ಪಾಠ ಇದು: ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಬೇಕು. ಎಣಿಸುವವನು ಮೊಮ್ಮಗ. ಎಂಟಕ್ಕೆ ಕೂತುಬಿಟ್ಟರೆ, "ತಾತ, ಟ್ಯಾಲಿ ಆಗ್ಲಿಲ್ಲ" ಅನ್ನುತ್ತಾನೆ.