ಒಂದು ರುಜು

ನಾವು ತಳೇಗಾಂವ ದಾಭಾಡೆಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಇಲ್ಲಿಯ ಒಂದು ಕಾರಖಾನೆಯಲ್ಲಿ ಮಾಲು ಪರೀಕ್ಷಿಸಿ ರುಜು ಹಾಕುವುದು ನನ್ನ ಕೆಲಸ. 2010ರ ಜನವರಿಯಲ್ಲಿ ಬ್ರೇಕಿನ ಬಿಡಿಭಾಗಗಳ ಒಂದು ಲಾಟು ಗಡಸುತನದ ಪರೀಕ್ಷೆಯಲ್ಲಿ ನಪಾಸಾಯಿತು. “ಲಾರಿ ಕಾದಿದೆ, ರುಜು ಹಾಕಿ ರಾಯರೇ, ಹಿಂದೆ ಹಾಕಿಲ್ಲವೆ?” ಎಂದರು ಮೇಲಿನವರು. ಹಾಕಿದ್ದೆ, ಒಮ್ಮೆ. ನಾಳೆ ಹೇಳುವೆನೆಂದು ಮನೆಗೆ ಬಂದೆ.

ಮರುದಿನ ಜನವರಿ 13. ಮುಂಜಾನೆ ತಿರುಗಾಡಲು ಹೊರಟಿದ್ದ ಸತೀಶ ಶೆಟ್ಟರನ್ನು ನಮ್ಮೂರಿನಲ್ಲೇ ಕೊಚ್ಚಿ ಕೊಂದರು. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮುಂಬಯಿ-ಪುಣೆ ಹೆದ್ದಾರಿಯ ಆಸುಪಾಸಿನ ಭೂವ್ಯವಹಾರಗಳನ್ನು ಬಯಲಿಗೆಳೆದವರು ಅವರು. ಪೊಲೀಸರ ರಕ್ಷಣೆ ಕೇಳಿದ್ದರು, ಸಿಕ್ಕಿರಲಿಲ್ಲ. ಸಿಬಿಐ 2014ರಲ್ಲೊಮ್ಮೆ, 2018ರಲ್ಲಿ ಮತ್ತೊಮ್ಮೆ ಪ್ರಕರಣ ಮುಚ್ಚುವ ವರದಿಯನ್ನೇ ಸಲ್ಲಿಸಿತು.

ನನಗಾದರೋ ಯಾರೂ ಕತ್ತಿ ತೋರಿಸಿರಲಿಲ್ಲ. ಬಡ್ತಿ ತಪ್ಪೀತು, ಮಗಳ ಕಾಲೇಜಿನ ಫೀಜಿಗೆ ಏನು ಗತಿ, ಇಷ್ಟೇ ಅಂಜಿಕೆ. ಮನೆಯಾಕೆ ಡಬ್ಬಿ ಕಟ್ಟುತ್ತ, “ಆ ಬ್ರೇಕು ನಮ್ಮೂರಿಗೆ ಹೋಗುವ ಬಸ್ಸಿಗೂ ಬಂದೀತಲ್ಲವೆ?” ಎಂದಳು.

ಅಂದು ವರದಿಯ ಮೇಲೆ ‘ತಿರಸ್ಕೃತ’ ಎಂದು ಬರೆದು ರುಜು ಹಾಕಿದೆ. ಹಳೆಯ ರುಜುವಿನ ಸಂಗತಿಯನ್ನೂ ಬರೆದುಕೊಟ್ಟೆ. ಅದನ್ನು ಯಾರೂ ವಿಚಾರಿಸಲಿಲ್ಲ, ಬಡ್ತಿಯೂ ಬರಲಿಲ್ಲ. ಆ ಹಳೆಯ ಲಾಟು ಯಾವ ಗಾಡಿಗಳಿಗೆ ಹೋಯಿತೋ! ಖಂಡಾಳಾ ಘಾಟಿನಲ್ಲಿ ನಮ್ಮ ಬಸ್ಸು ಇಳಿಯುವಾಗ ಈಗಲೂ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.